ನಮ್ಮ ಗಾಡಿಗೆ ಮುರುಗೆಪ್ಪನವರ ಚಕ್ರ

"ಅತ್ತೆ, ನನ್ನ ಸ್ವಂತ ಗಾಡಿಯಲ್ಲಿ ನಿಮ್ಮನ್ನು ದೇವಿಯ ಬಾಗಿಲ ತನಕ ಕರಕೊಂಡು ಹೋಗ್ತೇನೆ. ಒಂದು ಮೆಟ್ಟಿಲು ಹತ್ತಿಸಿದ್ರೆ ಮತ್ತೆ ಕೇಳಿ."

ತೊಂಬತ್ತಮೂರನೇ ಇಸವಿಯಲ್ಲಿ, ಕಲ್ಯಾಣದ ಚಾಳಿನ ನಮ್ಮ ಹತ್ತಡಿಯ ಕೋಣೆಯಲ್ಲಿ, ನನ್ನನ್ನು ನೋಡಲು ಬಂದಿದ್ದ ಪ್ರೇಮನಾಥ ಎಂಬವರು ನನ್ನ ಅಮ್ಮ ರತ್ನಾವತಿಗೆ ಕೊಟ್ಟ ಮಾತು ಇದು. ಆಗ ಅವರ ಹತ್ತಿರ ಇದ್ದದ್ದು ಒಂದು ಸೈಕಲ್. ಅದನ್ನೂ ಕೆಳಗೆ ನಿಲ್ಲಿಸಿ, ಯಾರಾದರೂ ಒಯ್ದಾರೆಂದು ಎರಡು ನಿಮಿಷಕ್ಕೊಮ್ಮೆ ಕಿಟಕಿಯಲ್ಲಿ ಬಗ್ಗಿ ನೋಡುತ್ತಿದ್ದರು. ಹಾಗಾಗಿ ಅವತ್ತು ಅವರು ನನಗಿಂತ ಹೆಚ್ಚು ನೋಡಿದ್ದು ಸೈಕಲನ್ನು.

ದೇವಿ ಇರುವುದು ಟಿಟ್ವಾಳಾದಿಂದ ಆಚೆ, ಒಂದು ಬೋಳು ಗುಡ್ಡದ ನೆತ್ತಿಯಲ್ಲಿ. ಮುನ್ನೂರ ಹದಿನೆಂಟು ಮೆಟ್ಟಿಲು. "ನನ್ನ ಮಗಳ ನಾಲಗೆಯನ್ನು ತಡಕೊಳ್ಳುವ ಒಂದು ಗಂಡು ಸಿಕ್ಕಿದರೆ ಕೈಯಾರೆ ರೇಷ್ಮೆ ಸೀರೆ ಒಪ್ಪಿಸುತ್ತೇನೆ" ಎಂದು ಅಮ್ಮ ಹರಕೆ ಹೊತ್ತಿದ್ದಳು. ಗಂಡು ಸಿಕ್ಕಿತು. ಸೀರೆಯೂ ಬಂತು, ಹಸಿರು ಮೈ, ಕೆಂಪು ಅಂಚು. ಆದರೆ ಅಮ್ಮನ ಮೊಣಕಾಲು ಆಗಲೇ ಮೆಟ್ಟಿಲಿನ ಹೆಸರು ಕೇಳಿದರೆ ಕಟಕಟ ಅನ್ನುತ್ತಿತ್ತು. ಡೋಲಿ ಹೊರುವವರಿದ್ದರು. ಅಮ್ಮ ಒಪ್ಪಲಿಲ್ಲ. "ನಾಲ್ಕು ಜನ ನನ್ನನ್ನು ಹೊರುವುದು ಒಂದೇ ಸಲ. ಅದಕ್ಕೆ ಇನ್ನೂ ಸಮಯ ಉಂಟು" ಎಂದಳು.

ಹೀಗೆ ಸೀರೆ ಹದಿನೆಂಟು ವರ್ಷ ಟ್ರಂಕಿನಲ್ಲಿ ನುಸಿಗುಳಿಗೆಯ ಜೊತೆ ಸಂಸಾರ ಮಾಡಿತು. ಪ್ರತಿ ದೀಪಾವಳಿಗೆ ಅಮ್ಮ ಅದನ್ನು ಬಿಸಿಲಿಗೆ ಹಾಕುವಳು. ಹಾಕುವಾಗ ಅಳಿಯನ ಮುಖ ನೋಡುವಳು. ನಮ್ಮವರು ತಕ್ಷಣ ಪೇಪರು ಬಿಡಿಸಿ ಮರಾಠಿ ಶೋಕ ಸಂದೇಶಗಳನ್ನು ಓದತೊಡಗುವರು. ಅವರಿಗೆ ಮರಾಠಿ ಓದಲು ಬರುವುದಿಲ್ಲ.

ಡೊಂಬಿವಲಿಯಲ್ಲಿ ನಮ್ಮದು ಇಡ್ಲಿ–ಚಟ್ನಿಯ ವ್ಯವಹಾರ; ಅಮ್ಮನೂ ನಮ್ಮ ಜೊತೆಗೇ. ನಾನು ಬೆಳಿಗ್ಗೆ ನಾಲ್ಕಕ್ಕೆ ಎದ್ದು ರುಬ್ಬುತ್ತೇನೆ, ಅವರು ಆರಕ್ಕೆ ಎದ್ದು ಆಫೀಸು ಕ್ಯಾಂಟೀನುಗಳಿಗೆ ಒಯ್ಯುತ್ತಾರೆ. ಎರಡು ಸಾವಿರದ ಎಂಟರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ಬಂತು. ಹಿಂದೆ ಪಾತ್ರೆ, ಮುಂದೆ ಮೂವರು. ಗಾಡಿ ಬಂದ ದಿನವೇ ಇವರು ಕಲ್ಯಾಣದ ಸ್ಟಿಕ್ಕರ್ ಅಂಗಡಿಗೆ ಹೋಗಿ, ಹಿಂದಿನ ಬಾಗಿಲಿಗೆ ಬೆಂಕಿ ಉಗುಳುವಂಥ ಅಕ್ಷರದಲ್ಲಿ 4x4 ಎಂದು ಅಂಟಿಸಿಕೊಂಡು ಬಂದರು.

"ಇದು ಎಂತಕ್ಕೆ?" ಎಂದೆ.

"ನಾಲ್ಕು ಚಕ್ರ ಉಂಟಲ್ಲ ಮಾರಾಯ್ತಿ."

"ಎಲ್ಲ ಗಾಡಿಗೂ ಇರ್ತದೆ."

"ಇದ್ದದ್ದನ್ನು ಹೇಳಿಕೊಳ್ಳಬೇಕು. ಅದಕ್ಕೇ ನಾವು ಕರಾವಳಿಯವರು ಹಿಂದೆ ಬಿದ್ದದ್ದು."

ಮನುಷ್ಯ ತಾನೇ ಅಂಟಿಸಿದ ಸ್ಟಿಕ್ಕರನ್ನು ದಿನಾ ನೋಡುತ್ತಿದ್ದರೆ ಒಂದು ದಿನ ನಂಬಿಬಿಡುತ್ತಾನೆ. ಆರು ತಿಂಗಳಲ್ಲಿ ಇವರು ಮುಲುಂಡಿನ ಒಂದು ಮದುವೆಯಲ್ಲಿ ನಿಂತು, "ನಮ್ಮದು ಫೋರ್ ವೀಲ್, ಗೋಡೆ ತೋರಿಸಿದರೂ ಹತ್ತುತ್ತದೆ" ಎಂದು ಸಾರು ಬಡಿಸಿಕೊಳ್ಳುತ್ತಿದ್ದರು. ಗೋಡೆಯ ವಿಷಯ ಗೊತ್ತಿಲ್ಲ. ದೇವಿಯ ಗುಡ್ಡದ ಹಿಂಬದಿಗೆ ಒಂದು ಕಚ್ಚಾ ದಾರಿ ಇದೆ, ಜೀಪುಗಳು ಬಾಗಿಲ ತನಕ ಹೋಗುತ್ತವೆ. ಇವರು ಒಬ್ಬರೇ ಹೋಗಿ ಪ್ರಯತ್ನಿಸಿ, ಮೊದಲ ತಿರುವಿನಲ್ಲೇ ಜಾರಿ, ಇಡ್ಲಿ ಪಾತ್ರೆಯ ಎರಡು ಮುಚ್ಚಳ ಕಳಕೊಂಡು ಬಂದರು. "ಟಯರು ಸವೆದಿದೆ" ಎಂದು ವರದಿ ಕೊಟ್ಟರು. ಮತ್ತೆ ಮೂರು ದೀಪಾವಳಿ ಪೇಪರು ಓದಿದರು.

ಹನ್ನೊಂದನೇ ಇಸವಿಯ ಡಿಸೆಂಬರಿನಲ್ಲಿ ಅಮ್ಮನ ಮೊಣಕಾಲಿನ ಆಪರೇಶನ್ ನಿಶ್ಚಯವಾಯಿತು. ಸೋಮವಾರ ಬೆಳಿಗ್ಗೆ. ಶುಕ್ರವಾರ ಸಂಜೆ ಅಮ್ಮ ಟ್ರಂಕು ತೆಗೆದು ಸೀರೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಳು.

"ಹರಕೆ ಬಾಕಿ ಇಟ್ಟುಕೊಂಡು ನಾನು ಕತ್ತಿಯ ಕೆಳಗೆ ಕಾಲು ಚಾಚುವುದಿಲ್ಲ. ಅಳಿಯಂದಿರಿಗೆ ಹೇಳು."

ಅಳಿಯಂದಿರು ಎರಡಡಿ ದೂರದಲ್ಲೇ ಕೂತಿದ್ದರು. ಹದಿನೆಂಟು ವರ್ಷ ಅಮ್ಮ ಅವರ ಹೆಸರು ಹಿಡಿದು ಕರೆದವಳಲ್ಲ. ಏನಿದ್ದರೂ "ಅಳಿಯಂದಿರು", ಅದೂ ನನ್ನ ಮೂಲಕ.

ನಮ್ಮವರು ಫೋನು ಮಾಡಿದ್ದು ಮುರುಗೆಪ್ಪನವರಿಗೆ. ಕಲ್ಯಾಣದಲ್ಲಿ ನೀರಿನ ಟಾಕಿ, ಪೈಪಿನ ವ್ಯಾಪಾರ, ವಿಜಾಪುರದ ಕಡೆಯವರು. ಗುಡ್ಡಗಾಡಿನ ಫಾರ್ಮ್ ಹೌಸುಗಳಿಗೆ ಟಾಕಿ ಏರಿಸುವುದಕ್ಕೆಂದೇ ನಮ್ಮದೇ ಕಂಪನಿಯ, ನಮ್ಮದೇ ಬಣ್ಣದ, ಆದರೆ ನಾಲ್ಕೂ ಚಕ್ರವನ್ನು ಎಂಜಿನ್ನೇ ತಿರುಗಿಸುವ ನಿಜವಾದ ಫೋರ್ ವೀಲ್ ಪಿಕಪ್ ಇಟ್ಟಿದ್ದಾರೆ. ನಾವು ಶೆಟ್ಟರಲ್ಲ, ಆದರೂ ಇಡ್ಲಿ ಮಾರುವವರೆಲ್ಲ ಅವರ ಲೆಕ್ಕದಲ್ಲಿ ಶೆಟ್ಟರೇ.

"ಶೆಟ್ರ, ಅದಕ್ಯಾಕ್ ಚಿಂತಿ? ನನ್ನ ಗಾಡ್ಯಾಗ ಅಮ್ಮಾರ್ನ ಕುಂದ್ರಸ್ತೀನಿ. ಹದಿನೈದ್ ನಿಮಿಷದಾಗ ದೇವಿ ಮುಂದ ಇಳಸ್ತೀನಿ."

ಕತೆ ಇಲ್ಲಿಗೇ ಮುಗಿಯಬೇಕಿತ್ತು. ಅಮ್ಮ ಒಳಗಿನಿಂದ ಕೇಳಿದಳು, "ಯಾರ ಗಾಡಿಯಂತೆ?"

"ಮುರುಗೆಪ್ಪನವರದ್ದು."

"ಮುರುಗೆಪ್ಪ ನನಗೆ ಎಂತ ಮಾತೂ ಕೊಟ್ಟಿಲ್ಲ" ಎಂದಳು ಅಮ್ಮ. "ಸ್ವಂತ ಗಾಡಿ ಅಂತ ಹೇಳಿದವರು ಬೇರೆ."

ನಮ್ಮವರು ಅರ್ಧ ಗಂಟೆ ಬಾಲ್ಕನಿಯಲ್ಲಿ ನಿಂತರು. ಒಳಗೆ ಬಂದಾಗ ಮುಖದಲ್ಲಿ ಬೆಳಕಿತ್ತು. ಆ ಬೆಳಕು ಕಂಡರೆ ನನಗೆ ಭಯ.

"ಗಾಡಿ ನಂದೇ ಇರ್ತದೆ. ಚಕ್ರ ಮಾತ್ರ ಅವರದ್ದು! ಒಂದೇ ಕಂಪನಿ, ಒಂದೇ ನಟ್ಟು. ಅವರ ಫೋರ್ ವೀಲಿನ ಚಕ್ರ ನಮಗೆ, ನಮ್ಮದು ಅವರಿಗೆ. ಅರ್ಧ ದಿನದ ಕೆಲಸ."

ಹದಿನೈದರ ಮಗಳು ಸೌಜನ್ಯ ಪುಸ್ತಕದಿಂದ ತಲೆ ಎತ್ತಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಪಪ್ಪಾ, ಚಕ್ಕಾ ಬದಲ್‌ನೇ ಸೇ ಕ್ಯಾ ಹೋಗಾ? ಮೈ ಟೀಚರ್ ಕೀ ಚಪ್ಪಲ್ ಪೆಹನೂಂಗೀ ತೋ ಪಾಸ್ ಹೋ ಜಾವೂಂಗೀ?"

"ಟೀಚರ ಚಪ್ಪಲಿ ಹಾಕಿ ಪಾಸಾಗುವ ಮಾತು ಬಿಡು. ನೀನು ಓದು" ಎಂದರು ನಮ್ಮವರು.

ಭಾನುವಾರ ಆರೂವರೆಗೆ ಮುರುಗೆಪ್ಪನವರು ಬಂದರು. ಜೊತೆಗೆ ಹೆಂಡತಿ ಪಾರವ್ವ, ಎರಡು ಡಬ್ಬಿ ರೊಟ್ಟಿ, ಶೇಂಗಾ ಚಟ್ನಿ. ಎರಡು ಗಾಡಿಗಳನ್ನು ನಮ್ಮ ಸೊಸೈಟಿಯ ಗೇಟಿನ ಒಳಗೆ ಅಕ್ಕಪಕ್ಕ ನಿಲ್ಲಿಸಿದರು. ಮೂಲೆಯ ಪಂಕ್ಚರ್ ಅಂಗಡಿಯ ಉಸ್ತಾದ್ ಜಾಕ್ ಹಿಡಿದು ಬಂದ. ಎರಡೂ ಗಾಡಿಯ ಅಡಿಯಲ್ಲಿ ಒಮ್ಮೆ ಇಣುಕಿ, ನಮ್ಮವರನ್ನು ಪಕ್ಕಕ್ಕೆ ಕರೆದು ಹೇಳಿದ, "ಸೇಠ್, ತಾಕತ್ ಚಕ್ಕೇ ಮೇ ನಹೀ ಹೋತೀ. ಅಂದರ್ ಹೋತೀ ಹೈ." ಶಕ್ತಿ ಇರುವುದು ಚಕ್ರದಲ್ಲಲ್ಲ, ಒಳಗೆ ಎಂದು.

"ಗೊತ್ತುಂಟು" ಎಂದರು ನಮ್ಮವರು, ಬಹಳ ತಿಳಿದವರಂತೆ. "ಅಂದರ್ ಹವಾ. ಚಾಲೀಸ್ ಭರ್ ದೋ."

ಉಸ್ತಾದ್ ಅವರ ಮುಖವನ್ನು ನೋಡಿದ. ಆಮೇಲೆ ನಲವತ್ತರ ತನಕ ಗಾಳಿ ತುಂಬಿದ.

ಮುರುಗೆಪ್ಪನವರ ಚಕ್ರ ನಮ್ಮದಕ್ಕಿಂತ ಗೇಣು ಎತ್ತರ, ಮೈಯೆಲ್ಲ ಹಲಸಿನ ಹಣ್ಣಿನ ಮುಳ್ಳು. ನಾಲ್ಕೂ ನಮ್ಮ ಗಾಡಿಗೆ ಸಲೀಸಾಗಿ ಕೂತವು. ಇಡ್ಲಿಯ ಪಿಕಪ್ಪು ಒಮ್ಮೆಲೇ ಎದೆ ಉಬ್ಬಿಸಿಕೊಂಡು ನಿಂತಿತು. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಟಯರು ಮಡ್‌ಗಾರ್ಡಿಗೆ ತಾಗಿ ಕಿರ್ ಎನ್ನುತ್ತಿತ್ತು. "ಹೊಸ ಚಪ್ಪಲಿಯೂ ಕಚ್ಚುತ್ತದೆ" ಎಂದು ನಮ್ಮವರು ಸಮಾಧಾನ ಹೇಳಿದರು, ಗಾಡಿಗೆ.

ಈಗ ನಮ್ಮ ಚಕ್ರಗಳನ್ನು ಅವರ ಗಾಡಿಗೆ ಹಾಕಬೇಕು. ಹಿಂದಿನ ಎರಡು ಕೂತವು. ಮುಂದಿನದು ಕೂರಲಿಲ್ಲ. ಫೋರ್ ವೀಲ್ ಗಾಡಿಯಲ್ಲಿ ಮುಂದಿನ ಚಕ್ರ ಕೂರುವ ಹಬ್ಬು ಮೂಗಿನ ಹಾಗೆ ಹೊರಗೆ ಚಾಚಿಕೊಂಡಿರುತ್ತದಂತೆ. ನಮ್ಮ ಚಕ್ರದ ನಡುವಿನ ತೂತು ಆ ಮೂಗಿಗಿಂತ ಸಣ್ಣದು. ಉಸ್ತಾದ್ ಆ ಕಡೆಯಿಂದ ತಿರುಗಿಸಿ ನೋಡಿದ, ಈ ಕಡೆಯಿಂದ ತಿರುಗಿಸಿ ನೋಡಿದ. ಮುರುಗೆಪ್ಪನವರು ಒದ್ದು ನೋಡಿದರು. ಮೂಗು ಮೂಗೇ ಆಗಿ ಉಳಿಯಿತು.

"ಇಟ್ಟಂಗಿ ಇಟ್ಟ್ ನಿಂದ್ರಸ್ರಿ" ಎಂದರು ಮುರುಗೆಪ್ಪನವರು ಉದಾರವಾಗಿ. "ಮಧ್ಯಾಹ್ನದಾಗ ಬರೂದೈತಲ್ಲ. ಯಾರ್ ಒಯ್ತಾರ ಚಕ್ರಾ ಇಲ್ಲದ ಗಾಡಿ?"

ಹೀಗೆ ಅವರ ಗಾಡಿ ಮುಂಗಾಲು ಇಟ್ಟಿಗೆಯ ಮೇಲೆ, ಹಿಂಗಾಲು ನಮ್ಮ ಚಕ್ರದ ಮೇಲೆ ಇಟ್ಟುಕೊಂಡು, ಗೇಟಿಗೆ ಅಡ್ಡವಾಗಿ, ನಮಸ್ಕಾರ ಮಾಡುವ ಆನೆಯ ಹಾಗೆ ನಿಂತಿತು. ನಾವು ಹೊರಟೆವು. ಮುಂದೆ ನಮ್ಮವರು, ಅಮ್ಮ, ನಾನು. ಹಿಂದೆ ಪಾತ್ರೆಯ ಜಾಗದಲ್ಲಿ ಬೆಂಚು ಹಾಕಿ ಮುರುಗೆಪ್ಪ ದಂಪತಿ, ಸೌಜನ್ಯ. ಸೀರೆ ಅಮ್ಮನ ಮಡಿಲಿನಲ್ಲಿ.

ಕಲ್ಯಾಣ ದಾಟುವ ಮೊದಲೇ ಫೋನು ಬಂತು. ಸೊಸೈಟಿಯ ಸೆಕ್ರೆಟರಿ ಹಯಗ್ರೀವ ರಾಯರು. ಬ್ಯಾಂಕಿನಿಂದ ನಿವೃತ್ತರಾದವರು, ನಿಯಮಾವಳಿ ಬಾಯಿಪಾಠ.

"ಪ್ರೇಮನಾಥರೇ, ಗೇಟಿನಲ್ಲಿ ಒಂದು ವಾಹನ ಮಂಡಿಯೂರಿದೆ. ಬೈಲಾ ಪ್ರಕಾರ ಚಲಿಸದ ವಾಹನಕ್ಕೆ ಪಾರ್ಕಿಂಗ್ ಇಲ್ಲ."

"ರಾಯರೇ, ಅದು ಚಲಿಸ್ತದೆ. ಚಕ್ರ ಮಾತ್ರ ನಮ್ಮೊಟ್ಟಿಗೆ ಬಂದಿದೆ."

ಟಿಟ್ವಾಳಾದ ಹತ್ತಿರ ಎರಡನೆಯ ಫೋನು. "ನೀರಿನ ಟ್ಯಾಂಕರ್ ಬಂದಿದೆ. ಒಳಗೆ ಬರಲು ಜಾಗ ಇಲ್ಲ. ಬಿ ವಿಂಗಿನವರು ರಾತ್ರಿ ಚಕ್ರ ಕಳವಾಗಿದೆ ಎಂದು ತಿಳಿದು ಪೊಲೀಸರಿಗೆ ಹೇಳಿದ್ದಾರೆ. ಹವಾಲ್ದಾರರು ಇಲ್ಲೇ ನಿಂತು ಕಳ್ಳನ ಚಹರೆ ಕೇಳುತ್ತಿದ್ದಾರೆ."

"ನೀವು ಎಂತ ಹೇಳಿದ್ರಿ?"

"ನಾನು ಸುಳ್ಳು ಹೇಳುವವನಲ್ಲ. ಐದೂವರೆ ಅಡಿ, ಬಿಳಿ ಪಂಚೆ, ಜೊತೆಗೆ ಒಬ್ಬರು ವೃದ್ಧ ಮಹಿಳೆ ಎಂದೆ."

ಅಮ್ಮ ಕಿಟಕಿಯಿಂದ ಹೊರಗೆ ನೋಡುತ್ತ, "ನನ್ನನ್ನೂ ಸೇರಿಸಿದರಾ?" ಎಂದಳು. ಸ್ವಲ್ಪ ಖುಷಿಯಾದಂತೆ ಕಂಡಿತು.

ಗುಡ್ಡದ ಹಿಂಬದಿಗೆ ಬಂದೆವು. ಮಳೆ ಹೋಗಿ ಎರಡು ತಿಂಗಳು. ದಾರಿಯ ತುಂಬ ಸಡಿಲ ಜಲ್ಲಿ. ಮೊದಲ ತಿರುವು ಹತ್ತಿತು. ನಮ್ಮವರು ಮೀಸೆಯಲ್ಲೇ ನಕ್ಕರು. ಎರಡನೆಯದೂ ಹತ್ತಿತು. "ನೋಡಿದಿರಾ ಅತ್ತೆ? ಎಲ್ಲ ಚಕ್ರದಲ್ಲಿ ಇರುವುದು" ಎಂದರು. ಹದಿನೆಂಟು ವರ್ಷದಲ್ಲಿ ನೇರವಾಗಿ ಅತ್ತೆಯ ಜೊತೆ ಆಡಿದ ಮೊದಲ ಹೆಮ್ಮೆಯ ಮಾತು. ಅಮ್ಮ ಸೀರೆಯನ್ನು ಎದೆಗೆ ಒತ್ತಿಕೊಂಡಳು.

ಮೂರನೆಯ ತಿರುವಿನಲ್ಲಿ ಗಾಡಿ ನಿಂತಿತು. ಹಿಂದಿನ ಎರಡು ಚಕ್ರಗಳು ಗರಗರ ತಿರುಗಿ ಜಲ್ಲಿಯನ್ನು ಹಿಂದಕ್ಕೆ ಎರಚುತ್ತಿದ್ದವು. ಮುಂದಿನ ಎರಡು ಮಾತ್ರ, ಮದುವೆಗೆ ಬಂದ ಗಂಡಿನ ಕಡೆಯವರ ಹಾಗೆ, ಏನೂ ಮಾಡದೆ ಗಂಭೀರವಾಗಿ ನಿಂತಿದ್ದವು.

"ಶೆಟ್ರ, ಆ ಇನ್ನೊಂದು ಕೋಲ್ ಎಳೀರಿ!" ಮುರುಗೆಪ್ಪನವರು ಹಿಂದಿನಿಂದ ಕೂಗಿದರು.

"ಯಾವ ಕೋಲು?"

"ಗೇರಿನ ಬಾಜೂಕ ಸಣ್ಣದೈತಲ್ರೀ, ಫೋರ್ ವೀಲಿಂದು!"

ನಮ್ಮವರು ಗೇರಿನ ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ಅಮ್ಮನ ಕಾಲಿನ ಹತ್ತಿರ ಬಗ್ಗಿ ನೋಡಿದರು. ಅಲ್ಲಿ ತೆಂಗಿನಕಾಯಿ ಇತ್ತು.

ಮುರುಗೆಪ್ಪನವರು ಇಳಿದು, ಗಾಡಿಯ ಅಡಿಗೆ ತಲೆ ಹಾಕಿದರು. ಬಹಳ ಹೊತ್ತು ತಲೆ ಹೊರಗೆ ಬರಲಿಲ್ಲ.

"ಶೆಟ್ರ... ಇದಕ್ಕ ಮುಂದಿನ ಗಾಲಿ ತಿರಗಸೂ ದಂಡಾನ ಇಲ್ಲಲ್ರೀ. ಇದು ಎರಡ್ ಗಾಲಿ ಗಾಡಿ."

"ನಾಲ್ಕು ಉಂಟಲ್ಲ."

"ನಾಲ್ಕ್ ಅದಾವ್ರಿ. ದುಡಿಯೂವು ಎರಡ. ಮತ್ತ ಹಿಂದ ಅಷ್ಟ್ ದೊಡ್ಡದಾಗಿ ಬರಸೀರಲ್ಲ? ನಾ ಅದನ್ನ ನೋಡಿ, ನಿಮ್ಮದೂ ಫೋರ್ ವೀಲ್, ಟಯರ್ ಅಷ್ಟ ಸವದಾವ ಅಂತ ತಿಳಕೊಂಡೆ!"

"ಮನ್ಯಾಗೂ ಹಂಗ ಐತಿ" ಎಂದಳು ಪಾರವ್ವ, ರೊಟ್ಟಿ ಡಬ್ಬಿಯನ್ನು ಭದ್ರ ಮಾಡುತ್ತ. "ಇಬ್ರು ದುಡೀತೀವಿ, ಉಳದವ್ರು ಉರುಳ್ತಾರ."

ಸೌಜನ್ಯ ಅಪ್ಪನ ಮುಖ ನೋಡಿದಳು. ಇಳಿದು, ಮೊದಲು ಗಾಡಿಗೆ ಕೈ ಕೊಟ್ಟವಳು ಅವಳೇ.

ನಾವು ನಾಲ್ಕು ಜನ ನೂಕಿದೆವು. ಗಾಡಿಯಲ್ಲೇ ಬಿದ್ದಿದ್ದ ಅಕ್ಕಿಯ ಖಾಲಿ ಗೋಣಿಚೀಲಗಳನ್ನು ಹಿಂದಿನ ಚಕ್ರದ ಅಡಿಗೆ ಹಾಸಿ, ಗಾಡಿ ನಾಲ್ಕಡಿ ಏರಿದ ಮೇಲೆ ಹಿಂದಿನಿಂದ ಎತ್ತಿ, ಮತ್ತೆ ಮುಂದೆ ಹಾಸಿ. ನಮ್ಮವರು ಕ್ಲಚ್ಚು ಬಿಡುವರು, ಇಳಿದು ಓಡಿ ಬಂದು ಗೋಣಿ ಸರಿಮಾಡುವರು, ಮತ್ತೆ ಹತ್ತುವರು. ಅಮ್ಮ ಒಳಗೆ ದೇವಿಯ ಹಾಗೆ ಅಲುಗಾಡದೆ ಕೂತಿದ್ದಳು; ಇಳಿಯುತ್ತೇನೆ ಎಂದರೆ ನಮ್ಮವರು ಬಿಡಲಿಲ್ಲ. ಮೂರನೆಯ ತಿರುವು ದಾಟಿತು. ನಾಲ್ಕನೆಯದು ದಾಟಿತು. ಗುಡಿಯ ಕೆಂಪು ಬಾವುಟ ಕಂಡಿತು. ದಾರಿ ಅಲ್ಲಿ ಮೆಟ್ಟಿಲಿನ ಸಾಲಿಗೆ ಬಂದು ಸೇರಿ, ಮತ್ತೆ ಬಳಸಿ, ಗೋಡೆಯ ಹಾಗೆ ಏರಿ ಬಾಗಿಲಿಗೆ ಹೋಗುತ್ತದೆ. ಗೋಣಿಗಳು ಚಿಂದಿಯಾಗಿದ್ದವು.

ಆಗ ಮೂರನೆಯ ಫೋನು.

"ಪ್ರೇಮನಾಥರೇ, ಎಲ್ಲಿದ್ದೀರಿ?"

"ದೇವಿಯ ಪಾದದಲ್ಲಿ."

"ಪಾದದಿಂದ ಎದ್ದು ಬನ್ನಿ. ಎ ವಿಂಗಿನಲ್ಲಿ ನೀರಿಲ್ಲ. ಹವಾಲ್ದಾರರು ನಮ್ಮ ಮನೆಯಲ್ಲಿ ಎರಡನೆಯ ಸಲ ಚಹಾ ಕುಡಿಯುತ್ತಿದ್ದಾರೆ."

ನಮ್ಮವರು ಫೋನು ಅಂಗಿಯ ಜೇಬಿಗೆ ಹಾಕಿದರು. ಆಮೇಲೆ ಫೋನು ತೆಗೆದು ನನ್ನ ಕೈಗೆ ಕೊಟ್ಟು, ಅಂಗಿಯನ್ನೇ ಬಿಚ್ಚಿದರು. ಆಪರೇಶನ್ನಿಗೆ ನೆಂಟರು ಬರುತ್ತಾರೆಂದು ಹೊಲಿಸಿದ್ದ ಹೊಸ ಅಂಗಿ, ಮೊದಲು ದೇವಿಗೆ ತೋರಿಸೋಣವೆಂದು ಹಾಕಿಕೊಂಡದ್ದು. ಮಡಚಿ ಎಡಗಡೆಯ ಚಕ್ರದ ಅಡಿಗೆ ತುರುಕಿದರು. ಬಲಗಡೆಗೆ ಹೆಗಲಿನ ಶಾಲು. ಗಾಡಿ ಗುರ್ ಎಂದಿತು. ಅಂಗಿ ಹಿಂದಕ್ಕೆ ಹಾರಿ ಮುರುಗೆಪ್ಪನವರ ಮುಖಕ್ಕೆ ಬಿತ್ತು. ಗಾಡಿ ಇದ್ದಲ್ಲೇ ಇತ್ತು.

ಅವರು ಬನಿಯನ್ನಿನಲ್ಲಿ ಇಳಿದು ಬಂದು, ಜಲ್ಲಿಯಲ್ಲಿ ಮಂಡಿಯೂರಿ, ಕೈಯಿಂದ ಚಕ್ರದ ಮುಂದಿನ ಕಲ್ಲು ತೆಗೆಯತೊಡಗಿದರು. ಒಂದೊಂದೇ. ಉಗುರಿನ ಸಂದಿಯಲ್ಲಿ ರಕ್ತ. ಯಾರು ಕರೆದರೂ ಕೇಳಲಿಲ್ಲ.

"ಪ್ರೇಮನಾಥ."

ನಾವೆಲ್ಲ ತಿರುಗಿದೆವು. ಅಮ್ಮ ಕಿಟಕಿಯಿಂದ ಕತ್ತು ಹೊರಗೆ ಹಾಕಿದ್ದಳು.

"ಬಾಗಿಲು ತೆಗಿ, ಮಗಾ."

"ಅತ್ತೆ, ಇನ್ನೊಂದೇ ಸಲ. ಈ ಕಲ್ಲು ಒಂದು ತೆಗೆದ್ರೆ..."

"ಈ ಗುಡ್ಡ ಪೂರ ತೆಗೀತೀಯಾ? ಬಾಗಿಲು ತೆಗಿ. ಕೂತು ಕೂತು ಸೊಂಟ ಹಿಡಿದಿದೆ."

ಇಳಿದಳು. ಒಂದು ಕೈ ನಮ್ಮವರ ಹೆಗಲ ಮೇಲೆ, ಒಂದು ಕೈಯಲ್ಲಿ ಸೀರೆ. ಗಾಡಿ ನಿಂತಲ್ಲಿಂದ ಗುಡಿಗೆ ಕೊನೆಯ ಕೆಲವೇ ಮೆಟ್ಟಿಲು ಉಳಿದಿದ್ದವು. ಅಮ್ಮ ಮೊದಲನೆಯದಕ್ಕೆ ಕಾಲಿಟ್ಟಾಗ ನಮ್ಮವರು ಕಣ್ಣು ಮುಚ್ಚಿಕೊಂಡರು.

"ಕಣ್ಣು ಬಿಟ್ಟು ನಡಿ. ಇಬ್ಬರೂ ಬೀಳುವುದು ಬೇಡ."

ಎರಡನೆಯ ಮೆಟ್ಟಿಲಿನಲ್ಲಿ ಅಮ್ಮ ಡಾಕ್ಟರನ್ನು ಬೈದಳು. ನಾಲ್ಕನೆಯದರಲ್ಲಿ ಮೆಟ್ಟಿಲು ಕಟ್ಟಿಸಿದವನನ್ನು. ಆರನೆಯದರಲ್ಲಿ ಉಸಿರು ಸಾಲದೆ ನಿಂತು, ಅಳಿಯನ ಬನಿಯನ್ನಿನ ತೂತು ನೋಡಿ ನನ್ನನ್ನು ಬೈದಳು. ಎಂಟನೆಯದರಲ್ಲಿ ಬೈಯಲಿಲ್ಲ. ಅವರ ಹೆಗಲನ್ನು ಗಟ್ಟಿಯಾಗಿ ಹಿಡಿದಳು, ಅಷ್ಟೇ. ಪಾರವ್ವ ಹಿಂದಿನಿಂದ "ಅವ್ವಾ, ಸಾವಕಾಶ, ಸಾವಕಾಶ" ಎನ್ನುತ್ತ ಎರಡೂ ಕೈ ಚಾಚಿಕೊಂಡು ಬರುತ್ತಿದ್ದಳು, ಬಿದ್ದರೆ ಹಿಡಿಯಲು.

ಸೀರೆ ಒಪ್ಪಿಸಿ ಆಯಿತು. ಏನು ಬೇಡಿಕೊಂಡೆ ಎಂದು ಅಮ್ಮನನ್ನು ಕೇಳಿದೆ.

"ಇವನಿಗೆ ಇನ್ನು ಯಾರಿಗೂ ಮಾತು ಕೊಡುವ ಬುದ್ಧಿ ಬಾರದಿರಲಿ ಅಂತ" ಎಂದಳು.

ಇಳಿಯುವಾಗ ಗಾಡಿಗೆ ಯಾವ ತೊಂದರೆಯೂ ಆಗಲಿಲ್ಲ. ಡೊಂಬಿವಲಿಯ ಗೇಟಿನಲ್ಲಿ ಇಟ್ಟಿಗೆಯ ಮೇಲಿನ ಗಾಡಿ, ಅದರ ಹಿಂದೆ ಟ್ಯಾಂಕರ್, ಟ್ಯಾಂಕರಿನ ಹಿಂದೆ ಬಕೆಟ್ ಹಿಡಿದ ನಲವತ್ತು ಸಂಸಾರ, ಎಲ್ಲರ ಮುಂದೆ ರಾಯರು ಮತ್ತು ಹವಾಲ್ದಾರ. ಹವಾಲ್ದಾರ ಆ ಗಾಡಿ ನೋಡಿದ, ಈ ಗಾಡಿ ನೋಡಿದ, ಬನಿಯನ್ನಿನಲ್ಲಿದ್ದ ನಮ್ಮವರನ್ನು ನೋಡಿದ.

"ಚೋರೀ ಕಶಾಚೀ ಝಾಲೀ? ಯಾಚೀ ಚಾಕಂ ತ್ಯಾಲಾ, ತ್ಯಾಚೀ ಚಾಕಂ ಯಾಲಾ. ಚೋರ್ ಕೋಣ್?" ಇದರ ಚಕ್ರ ಅದಕ್ಕೆ, ಅದರದ್ದು ಇದಕ್ಕೆ, ಹಾಗಾದರೆ ಕಳ್ಳ ಯಾರೆಂದು ಅವನ ಪ್ರಶ್ನೆ.

ಅಮ್ಮ ಕಿಟಕಿಯಿಂದ ಕೈ ಚಾಚಿ ಹವಾಲ್ದಾರನ ಅಂಗೈಗೆ ತೆಂಗಿನ ಹೋಳು ಇಟ್ಟಳು. ರಾಯರಿಗೆ ಇನ್ನೊಂದು. "ಪ್ರಸಾದ. ಬೈಲಾದಲ್ಲಿ ಬೇಡ ಅಂತ ಉಂಟಾ?" ರಾಯರು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಉಸ್ತಾದ್ ಬಂದು ಚಕ್ರಗಳನ್ನು ಅವರವರಿಗೆ ಹಿಂತಿರುಗಿಸಿದ. ಸಂಜೆ ನಮ್ಮವರು ದೋಸೆ ಸಟ್ಟುಗ ಒಯ್ದು, ಹಿಂದಿನ ಬಾಗಿಲಿನ ಸ್ಟಿಕ್ಕರನ್ನು ಕೆರೆದು ತೆಗೆದರು. ಸೌಜನ್ಯ ಟಾರ್ಚ್ ಹಿಡಿದಳು.

ಸೋಮವಾರ ಬೆಳಿಗ್ಗೆ ಡಾಕ್ಟರು ಅಮ್ಮನ ಮೊಣಕಾಲು ಮುಟ್ಟಿ ನೋಡಿದರು. ಹುಬ್ಬು ಗಂಟಿಕ್ಕಿದರು.

"ಆಜೀ, ಸೂಜ್ ಆಲೀ ಆಹೇ. ಕಾಲ್ ಜಿನಾ ಚಢಲಾತ್ ಕಾ?" ಬಾವು ಬಂದಿದೆ, ನಿನ್ನೆ ಮೆಟ್ಟಿಲು ಹತ್ತಿದಿರಾ ಎಂದು.

"ಇಲ್ಲಪ್ಪ" ಎಂದಳು ಅಮ್ಮ ಕನ್ನಡದಲ್ಲೇ, ನನ್ನ ಕಡೆ ನೋಡದೆ. "ಅಳಿಯ ಸ್ವಂತ ಗಾಡಿಯಲ್ಲಿ ಬಾಗಿಲ ತನಕ ಕರಕೊಂಡು ಹೋದ. ಒಂದು ಮೆಟ್ಟಿಲು ಹತ್ತಿಸಲಿಲ್ಲ. ಹೇಳು ಅವರಿಗೆ."

ನಾನು ಮರಾಠಿಯಲ್ಲಿ ಹೇಳಿದೆ. ನಮ್ಮವರು ಬಾಗಿಲ ಹತ್ತಿರ ನಿಂತು ಫ್ಯಾನು ನೋಡುತ್ತಿದ್ದರು. ಫ್ಯಾನು ನಿಂತಿತ್ತು.

ಆಪರೇಶನ್ ಚೆನ್ನಾಗಿ ಆಯಿತು. ನೋಡಲು ಬಂದ ನೆಂಟರಿಗೆಲ್ಲ, ನರ್ಸುಗಳಿಗೆ, ಪಕ್ಕದ ಹಾಸಿಗೆಯ ಗುಜರಾತಿ ಹೆಂಗಸಿಗೆ, ಅಮ್ಮ ಅದನ್ನೇ ಹೇಳಿದಳು. ಈಗಲೂ ಹೇಳುತ್ತಾಳೆ.

ಅವತ್ತು ಅಮ್ಮ ಹತ್ತಿದ ಮೆಟ್ಟಿಲು ಹನ್ನೊಂದು. ನಾನು ಹಿಂದೆಯೇ ಇದ್ದೆ, ಎಣಿಸಿದ್ದೇನೆ. ನಮ್ಮವರು ಕೊಟ್ಟ ಮಾತು ಉಳಿಯಲಿಲ್ಲ.